ರಾಯಚೂರಿನಂತಹ ಕಡಿಮೆ ಮಳೆಯ ಊರಿನಲ್ಲಿ ಕೈತೋಟಕ್ಕಾಗಿ ಮಳೆನೀರು ಹಿಡಿಯುವುದು ಸಾರ್ಥಕವೇ?

ರಾಯಚೂರಿನಲ್ಲಿ 900 ಚದರ ಅಡಿಯ ಆರ್‌ಸಿಸಿ ಮಾಳಿಗೆಯ ಮನೆ ಕಟ್ಟಿಸಿರುವುದಾಗಿಯೂ, ಬೋರ್‌ವೆಲ್ ನೀರು ಉಪ್ಪಾಗಿದ್ದು ಕರಿಬೇವು, ಮಲ್ಲಿಗೆ ಗಿಡಗಳು ಹಳದಿಯಾಗುತ್ತಿರುವುದಾಗಿಯೂ ನೀವು ತಿಳಿಸಿದ್ದೀರಿ. ಮಳೆಯೇ ಕಡಿಮೆಯಿರುವ ಊರಿನಲ್ಲಿ ಮಳೆನೀರು ಹಿಡಿಯಲು ಖರ್ಚು ಮಾಡಬೇಕೇ, ಮಾಡುವುದಾದರೆ ಇಂಗುಗುಂಡಿ ಒಳ್ಳೆಯದೋ ತೊಟ್ಟಿ ಒಳ್ಳೆಯದೋ ಎಂಬುದು ನಿಮ್ಮ ಪ್ರಶ್ನೆ. ಇದೇ ಊರಿನ ಎರೆಮಣ್ಣಿನ, ಅಂದರೆ ಕಪ್ಪು ಜೇಡಿಮಣ್ಣಿನ, ಬಡಾವಣೆಯೊಂದರಲ್ಲಿ ಹನ್ನೊಂದು ವರ್ಷಗಳಿಂದ ಸುಮಾರು 200 ಚದರ ಅಡಿಯ ಕೈತೋಟವನ್ನು ನೋಡಿಕೊಂಡು ಬಂದಿರುವ ನನ್ನ ಉತ್ತರ ಇಷ್ಟು: ಖಂಡಿತ ಸಾರ್ಥಕ. ಆದರೆ ಬೋರ್‌ವೆಲ್ ನೀರಿಗೆ ಬದಲಿಯಾಗಿ ಅಲ್ಲ, ಅದರ ಉಪ್ಪಿಗೆ ಔಷಧಿಯಾಗಿ. ಈ ವ್ಯತ್ಯಾಸ ಸ್ಪಷ್ಟವಾದರೆ ಎಷ್ಟು ದೊಡ್ಡ ತೊಟ್ಟಿ ಬೇಕು, ನೀರನ್ನು ಯಾವ ಗಿಡಕ್ಕೆ ಕೊಡಬೇಕು ಎಂಬುದು ತಾನಾಗಿಯೇ ತೀರ್ಮಾನವಾಗುತ್ತದೆ.

ಮೊದಲು ಲೆಕ್ಕ ನೋಡೋಣ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಮಾಳಿಗೆ ಸುಮಾರು 83 ಚದರ ಮೀಟರ್ ಆಗುತ್ತದೆ. ನಮ್ಮ ಭಾಗದಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಎಂದು ಹಿಡಿದು, ಆವಿಯಾಗಿ ಚೆಲ್ಲಿ ಹೋಗುವುದಕ್ಕೆ ಐದರಲ್ಲಿ ಒಂದು ಪಾಲನ್ನು ಕಳೆದರೂ ಸುಮಾರು 40,000 ಲೀಟರ್ ನೀರು ನಿಮ್ಮ ಮಾಳಿಗೆಯಿಂದ ಇಳಿಯುತ್ತದೆ. ಅಂದರೆ 5,000 ಲೀಟರಿನ ಎಂಟು ಟ್ಯಾಂಕರ್‌ಗಳಷ್ಟು. ಮಳೆ ಕಡಿಮೆ ಎಂಬ ಮಾತು ನಿಜವಾದರೂ ಮಾಳಿಗೆಯ ಲೆಕ್ಕದಲ್ಲಿ ಅದು ಅಷ್ಟು ಕಡಿಮೆಯಲ್ಲ. ತೊಂದರೆಯಿರುವುದು ಅದು ಬೀಳುವ ಕಾಲದಲ್ಲಿ. ಜೂನ್‌ನ ಮೃಗಶಿರಾ ಮಳೆಯಿಂದ ಆರಂಭವಾಗಿ ನಡುವೆ ಕೈಕೊಟ್ಟು, ಸೆಪ್ಟೆಂಬರ್, ಅಕ್ಟೋಬರ್‌ನ ಉತ್ತರಾ, ಹಸ್ತ ಮಳೆಗಳ ಹೊತ್ತಿಗೆ ಒಮ್ಮೆಲೇ ಸುರಿದು ಹೋಗುವ ನೀರನ್ನು, ನಲವತ್ತು ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳುಗಳವರೆಗೆ ಕೂಡಿಡುವುದು ಸುಲಭವಲ್ಲ. ನನ್ನ ತೋಟಕ್ಕೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 90 ಲೀಟರ್ ಬೇಕು. ಫೆಬ್ರುವರಿಯಿಂದ ಮೇವರೆಗೆ ಅದನ್ನೇ ನಂಬುವುದಾದರೆ ಹತ್ತು, ಹನ್ನೊಂದು ಸಾವಿರ ಲೀಟರಿನ ಸಂಪ್ ಕಟ್ಟಿಸಬೇಕಾಗುತ್ತದೆ. ಕೇವಲ ಕೈತೋಟಕ್ಕಾಗಿ ಅಷ್ಟು ಖರ್ಚು ಮಾಡಿ ಎಂದು ನಾನು ಹೇಳಲಾರೆ.

ಮಳೆನೀರಿನ ನಿಜವಾದ ಬೆಲೆ ಇರುವುದು ಅದರ ಗುಣದಲ್ಲಿ. ನೀರಿನಲ್ಲಿ ಕರಗಿರುವ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರಿನಲ್ಲಿ ನನ್ನ ಬೋರ್‌ವೆಲ್ ನೀರು 1,800ರ ಆಸುಪಾಸು ತೋರಿಸಿದರೆ, ಮಾಳಿಗೆಯಿಂದ ಹಿಡಿದ ನೀರು ನಲವತ್ತನ್ನು ದಾಟುವುದಿಲ್ಲ. ಬೋರ್‌ವೆಲ್ ನೀರನ್ನು ಹಾಕಿದಾಗಲೆಲ್ಲ ನೀರು ಆವಿಯಾಗಿ ಹೋಗಿ ಉಪ್ಪು ಮಾತ್ರ ಮಣ್ಣಿನಲ್ಲಿ ಉಳಿಯುತ್ತದೆ. ಕುಂಡಗಳ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟುವುದು ಅದರಿಂದಲೇ. ನಿಮ್ಮ ಗಿಡಗಳನ್ನು ಒಮ್ಮೆ ಹತ್ತಿರದಿಂದ ನೋಡಿ. ಎಲೆಯ ತುದಿ ಮತ್ತು ಅಂಚು ಸುಟ್ಟಂತೆ ಕಂದಾಗಿದ್ದರೆ ಅದು ಉಪ್ಪಿನ ಬಾಧೆ. ಚಿಗುರೆಲೆಯ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಮಾತ್ರ ಹಳದಿಯಾಗಿದ್ದರೆ, ಸುಣ್ಣದ ಅಂಶ ಹೆಚ್ಚಿರುವ ಮಣ್ಣು ಮತ್ತು ನೀರಿನಿಂದಾಗಿ ಬೇರುಗಳಿಗೆ ಕಬ್ಬಿಣ ಸಿಗುತ್ತಿಲ್ಲವೆಂದು ತಿಳಿಯಬೇಕು. ಮಳೆನೀರು ತುಸು ಆಮ್ಲೀಯವಾಗಿರುವುದರಿಂದಲೂ ಅದರಲ್ಲಿ ಸುಣ್ಣದಂಶ ಇಲ್ಲದಿರುವುದರಿಂದಲೂ ಎರಡೂ ತೊಂದರೆಗಳು ತಗ್ಗುತ್ತವೆ.

ಆದ್ದರಿಂದ ಹಿಡಿದ ನೀರನ್ನು ಎಲ್ಲ ಗಿಡಗಳಿಗೂ ಸಮನಾಗಿ ಹಂಚಬೇಡಿ. ಪಾಲಕ್, ಬೀಟ್‌ರೂಟ್, ಚಿಕ್ಕು ಇವು ಉಪ್ಪುನೀರನ್ನು ಒಂದು ಮಟ್ಟಕ್ಕೆ ಸಹಿಸಿಕೊಳ್ಳುತ್ತವೆ. ಅವುಗಳಿಗೆ ಬೋರ್‌ವೆಲ್ ನೀರೇ ಇರಲಿ. ನಿಂಬೆ, ಹುರುಳಿಕಾಯಿ, ಸಸಿಮಡಿ ಮತ್ತು ಕುಂಡದ ಗಿಡಗಳಿಗೆ ಮಳೆನೀರು ಮೀಸಲಾಗಿರಲಿ. ಕುಂಡಗಳನ್ನು ಮಳೆಗಾಲದಲ್ಲಿ ಮಾಡಿನ ಕೆಳಗೆ ಇಡದೆ ಬಯಲಿಗೆ ತಂದಿಡಿ. ತಳದ ತೂತಿನಿಂದ ನೀರು ಧಾರಾಳವಾಗಿ ಹರಿದುಹೋಗುವಂತೆ ಎರಡು ದೊಡ್ಡ ಮಳೆಗಳು ತೊಯ್ಸಿದರೆ ಬೇಸಿಗೆಯಲ್ಲಿ ಸೇರಿದ ಉಪ್ಪಿನ ಬಹುಪಾಲು ತೊಳೆದು ಹೋಗುತ್ತದೆ. ನನ್ನ ದುಂಡುಮಲ್ಲಿಗೆ ಚೇತರಿಸಿಕೊಂಡಿದ್ದು ಯಾವ ಗೊಬ್ಬರದಿಂದಲೂ ಅಲ್ಲ, ಹೀಗೆ ಒಂದು ಮಳೆಗಾಲ ಪೂರ್ತಿ ನೆನೆದಿದ್ದರಿಂದ.

ಇನ್ನು ಇಂಗುಗುಂಡಿಯ ವಿಚಾರ. ಇದರಲ್ಲಿ ನಾನು ಪಟ್ಟ ಕಷ್ಟವನ್ನು ಹೇಳಲೇಬೇಕು. ಗುಂಡಿ ತೋಡುವವರ ಮಾತು ನಂಬಿ ಕಾಂಪೌಂಡ್ ಗೋಡೆಯಿಂದ ಐದೇ ಅಡಿ ದೂರದಲ್ಲಿ ಆರಡಿ ಆಳದ ಗುಂಡಿ ತೋಡಿಸಿ, ಜಲ್ಲಿ ತುಂಬಿಸಿ, ಮಾಳಿಗೆಯ ನೀರನ್ನೆಲ್ಲ ಅದಕ್ಕೆ ಬಿಟ್ಟೆ. ಮೊದಲ ದೊಡ್ಡ ಮಳೆಯ ನೀರು ಒಂಬತ್ತು ದಿನಗಳಾದರೂ ಇಂಗಲಿಲ್ಲ. ಮರು ಬೇಸಿಗೆಯಲ್ಲಿ ಗೋಡೆ ಮೇಲಿನಿಂದ ಕೆಳಗಿನವರೆಗೆ ಬಿರಿಯಿತು. ಎರೆಮಣ್ಣಿನ ಗುಣವೇ ಹಾಗೆ: ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ, ಒಮ್ಮೆ ಉಬ್ಬಿದ ಮೇಲೆ ನೀರನ್ನು ಕೆಳಗೆ ಬಿಡುವುದೇ ಇಲ್ಲ. ಬೆಂಗಳೂರಿನಲ್ಲಿ 2009ರಲ್ಲಿ ಕಾನೂನು ತಿದ್ದುಪಡಿಯಾಗಿ ಮಳೆನೀರು ಕೊಯ್ಲು ಕಡ್ಡಾಯವಾದ ಮೇಲೆ ಇಂಗುಗುಂಡಿಯ ನಕ್ಷೆಗಳು ಎಲ್ಲೆಡೆ ಹರಡಿದವು. ಆದರೆ ಅಲ್ಲಿನ ಕೆಂಪುಮಣ್ಣಿಗೆ ಒಪ್ಪುವ ನಕ್ಷೆಯನ್ನು ನಮ್ಮ ಎರೆಭೂಮಿಯಲ್ಲಿ ಹಾಗೆಯೇ ಇಳಿಸುವುದು ತಪ್ಪು. ನಿಮ್ಮದು ಮಸಾರಿ, ಅಂದರೆ ಕೆಂಪುಮಣ್ಣಿನ, ನೆಲವಾಗಿದ್ದರೆ ಗುಂಡಿ ಕೆಲಸ ಮಾಡುತ್ತದೆ. ಎರೆಯಾಗಿದ್ದರೆ ಕೆಳಗಿನ ಗರಸು (ನೀರು ಇಂಗುವ ಕಲ್ಲುಮಿಶ್ರಿತ ಪದರ) ಸಿಗುವವರೆಗೆ ಆಳಕ್ಕೆ ಹೋಗಬೇಕು, ಮತ್ತು ಪಾಯದಿಂದ ಕನಿಷ್ಠ ಹದಿನೈದು ಅಡಿ ದೂರವಿರಬೇಕು. ಸಣ್ಣ ನಿವೇಶನದಲ್ಲಿ ಅಷ್ಟು ಜಾಗ ಸಿಗದಿದ್ದರೆ ಗುಂಡಿಯ ಆಸೆಯನ್ನು ಬಿಟ್ಟುಬಿಡಿ.

ಅದರ ಬದಲು ತೋಟದ ಮಣ್ಣಿನಲ್ಲಿಯೇ ನೀರು ನಿಲ್ಲುವಂತೆ ಮಾಡಬಹುದು. ತೊಟ್ಟಿ ತುಂಬಿದ ಮೇಲೆ ಹೆಚ್ಚಾದ ನೀರನ್ನು ರಸ್ತೆಗೆ ಬಿಡದೆ, ಗೋಡೆಯಿಂದ ದೂರವಿರುವ ಗಿಡಗಳ ಪಾತಿಗೆ ತಿರುಗಿಸಿ. ಪಾತಿಗಳು ಆಳವಾಗಿರುವುದಕ್ಕಿಂತ ಅಗಲವಾಗಿರಲಿ. ಮಣ್ಣಿಗೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ, ಮೇಲೆ ಮೂರು ಇಂಚು ದಪ್ಪಕ್ಕೆ ಶೇಂಗಾ ಹೊಟ್ಟನ್ನೋ ಒಣ ಎಲೆಯನ್ನೋ ಹಾಸಿ. ಒಂದು ಎಚ್ಚರಿಕೆ: ವರ್ಷಗಟ್ಟಲೆ ಸೋಡಿಯಂ ಹೆಚ್ಚಿರುವ ನೀರು ಕುಡಿದ ಮಣ್ಣಿಗೆ ಬರಿಯ ಮಳೆನೀರು ಬಿದ್ದಾಗ ಜೇಡಿಕಣಗಳು ಕದಡಿ ಮೇಲ್ಪದರ ಗಟ್ಟಿಯಾಗುವುದುಂಟು. ಅಂತಹ ಮಣ್ಣಿಗೆ ಮೊದಲು ಜಿಪ್ಸಮ್ ಬೇಕಾಗುತ್ತದೆ. ಎಷ್ಟು ಬೇಕೆಂಬುದನ್ನು ಊಹಿಸದೆ ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸಿಕೊಳ್ಳಿ. ನಮ್ಮ ಊರಿನಲ್ಲಿಯೇ ಕೃಷಿ ವಿಶ್ವವಿದ್ಯಾಲಯವಿದೆ.

ತೊಟ್ಟಿಯ ವಿಚಾರದಲ್ಲಿ, ನಿಮ್ಮ ಮಾಳಿಗೆಗೆ 2,000 ಲೀಟರಿನ ಕಪ್ಪು ಬಣ್ಣದ ಪ್ಲಾಸ್ಟಿಕ್ ಟ್ಯಾಂಕ್ ಸಾಕು. 30 ಮಿ.ಮೀ.ಯ ಒಂದೇ ಮಳೆಗೆ ಅದು ಹೆಚ್ಚುಕಡಿಮೆ ತುಂಬುತ್ತದೆ. ತಿಳಿ ಬಣ್ಣದ ಟ್ಯಾಂಕಿನೊಳಗೆ ಬೆಳಕು ಹೋಗಿ ಪಾಚಿ ಕಟ್ಟುತ್ತದೆ. ಮಾಳಿಗೆಯಿಂದ ಇಳಿಯುವ ಪೈಪಿಗೆ ‘T’ ಆಕಾರದ ಒಂದು ಪೈಪ್ ಜೋಡಣೆ (ಟೀ) ಹಾಕಿ, ಮೊದಲ ಒಂದು ಮಿ.ಮೀ. ಮಳೆಯ ನೀರು, ಅಂದರೆ ಸುಮಾರು 80 ಲೀಟರ್, ಬೇರೆ ಡ್ರಮ್ಮಿಗೆ ಹೋಗುವಂತೆ ಮಾಡಿ. ಧೂಳು, ಹಕ್ಕಿಯ ಹಿಕ್ಕೆ ಎಲ್ಲವೂ ಅದರಲ್ಲಿ ಹೋಗುತ್ತದೆ. ಆ ನೀರನ್ನೂ ಚೆಲ್ಲಬೇಕಾಗಿಲ್ಲ, ನಾನು ಅದನ್ನು ದಾಸವಾಳದ ಬುಡಕ್ಕೆ ಹಾಕುತ್ತೇನೆ. ಕೈತೋಟಕ್ಕೆ ಇದ್ದಿಲು, ಮರಳಿನ ದುಬಾರಿ ಫಿಲ್ಟರ್ ಬೇಡ, ಸಣ್ಣ ಕಣ್ಣಿನ ಜಾಲರಿ ಸಾಕು. ಆದರೆ ಟ್ಯಾಂಕಿನ ಬಾಯಿಗೂ ಹೆಚ್ಚುವರಿ ನೀರು ಹೋಗುವ ಪೈಪಿಗೂ ಸೊಳ್ಳೆಪರದೆಯ ಬಟ್ಟೆಯನ್ನು ಬಿಗಿಯಾಗಿ ಕಟ್ಟಲು ಮಾತ್ರ ಮರೆಯಬೇಡಿ. ಡೆಂಗಿ ಹರಡುವ ಸೊಳ್ಳೆ ಇಂತಹ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ, ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ಹತ್ತು ದಿನಗಳೂ ಬೇಡ.

ಮಳೆಗಾಲದ ನಡುವೆ ತುಂಬಿದ ನೀರನ್ನು ಉಳಿಸಿಡಬೇಡಿ. ಹತ್ತು ದಿನ ಮಳೆ ತಡೆದರೆ ಗಿಡಗಳಿಗೆ ಹಾಕಿ ಟ್ಯಾಂಕ್ ಖಾಲಿ ಮಾಡಿ, ಮುಂದಿನ ಮಳೆಗೆ ಜಾಗವಾಗಲಿ. ಉಳಿಸಬೇಕಾದದ್ದು ಹಸ್ತ ಮಳೆಯ ಕೊನೆಯ ತುಂಬು ಟ್ಯಾಂಕನ್ನು. ನನ್ನ ಕುಂಡಗಳಿಗೂ ನಿಂಬೆ ಗಿಡಕ್ಕೂ ಸೇರಿ ದಿನಕ್ಕೆ 20 ಲೀಟರಿನಂತೆ ಅದು ಅಕ್ಟೋಬರ್ ನಡುವಿನಿಂದ ಸುಮಾರು ನೂರು ದಿನ, ಜನವರಿಯ ಮೂರನೆಯ ವಾರದವರೆಗೆ ಬರುತ್ತದೆ. ನಿಂಬೆಯ ಬುಡದಲ್ಲಿ ಹತ್ತು ಲೀಟರಿನ ಒಂದು ಮಣ್ಣಿನ ಗಡಿಗೆಯನ್ನು ಕತ್ತಿನವರೆಗೆ ಹೂತು ಮುಚ್ಚಳ ಹಾಕಿದ್ದೇನೆ. ನಾಲ್ಕೈದು ದಿನಕ್ಕೊಮ್ಮೆ ತುಂಬಿದರೆ ನೀರು ತಾನೇ ಒಸರಿ ಬೇರಿಗೆ ಸೇರುತ್ತದೆ. ಬೋರ್‌ವೆಲ್ ನೀರು ತುಂಬಿದರೆ ಉಪ್ಪು ಕಟ್ಟಿ ಗಡಿಗೆಯ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಆದ್ದರಿಂದ ಅದಕ್ಕೆ ಮಳೆನೀರೇ ಆಗಬೇಕು.

ನಿಮ್ಮ ಮಾಳಿಗೆಯ ಇಳಿಜಾರು ಯಾವ ಮೂಲೆಗಿದೆ, ಅಂಗಳದ ಮಣ್ಣು ಎರೆಯೋ ಮಸಾರಿಯೋ ಎಂಬುದನ್ನು ತಿಳಿಸಿದರೆ, ಟ್ಯಾಂಕನ್ನು ಎಲ್ಲಿಡಬೇಕು, ಹೆಚ್ಚಿನ ನೀರನ್ನು ಯಾವ ಕಡೆಗೆ ಬಿಡಬೇಕು ಎಂಬುದನ್ನು ಇನ್ನಷ್ಟು ಖಚಿತವಾಗಿ ಹೇಳಬಲ್ಲೆ.