ಓದುಗರ ಪ್ರಶ್ನೆ: ಒಂದೇ ಜಾಯಿಂಟಿನಲ್ಲಿ ಟಿಗ್ ಮತ್ತು ಸ್ಟಿಕ್ ವೆಲ್ಡಿಂಗ್

ಪ್ರಶ್ನೆ: 12 ಮಿ.ಮೀ. ಕಾರ್ಬನ್ ಸ್ಟೀಲ್ ಪ್ಲೇಟಿಗೆ ರೂಟ್ (ಜಾಯಿಂಟಿನ ತಳದ ಪದರ) ಟಿಗ್‌ನಲ್ಲಿ (ಆರ್ಗಾನ್ ಅನಿಲದ ರಕ್ಷಣೆಯ ವೆಲ್ಡಿಂಗ್), ಉಳಿದದ್ದು 7018 ರಾಡ್‌ನಲ್ಲಿ (ಸ್ಟಿಕ್ ವೆಲ್ಡಿಂಗ್‌ನ ಲೇಪಿತ ಕಡ್ಡಿ). ಪ್ರೊಸೀಜರ್ ಟೆಸ್ಟ್ (ವೆಲ್ಡಿಂಗ್ ವಿಧಾನದ ಅರ್ಹತಾ ಪರೀಕ್ಷೆ) ಎರಡು ಬೇಕೇ? — ಓದುಗರು, ಕಾರವಾರ

ಉತ್ತರ: ಬೇಡ, ಒಂದೇ ಕೂಪನ್ (ಪರೀಕ್ಷೆಗೆಂದು ಬೆಸೆದ ತುಂಡು) ಸಾಕು. ಆದರೆ ಎಎಸ್‌ಎಂಇ ಸೆಕ್ಷನ್ 9ರಲ್ಲಿ (ವೆಲ್ಡಿಂಗ್ ಅರ್ಹತೆಯ ಅಮೆರಿಕನ್ ಕೋಡ್) ಪ್ರತಿ ಪ್ರೊಸೆಸ್‌ನ ಲೆಕ್ಕ ಪ್ರತ್ಯೇಕ. ಟಿಗ್ 4 ಮಿ.ಮೀ., ರಾಡ್ 8 ಮಿ.ಮೀ. ತುಂಬಿದರೆ, ಇಂಪ್ಯಾಕ್ಟ್ ಟೆಸ್ಟ್ (ಹೊಡೆತ ತಾಳುವ ಪರೀಕ್ಷೆ) ಬೇಡದ ಕೆಲಸದಲ್ಲಿ ಪ್ಲೇಟಿನ ದಪ್ಪ 5ರಿಂದ 24ರವರೆಗೆ ಅರ್ಹ. ಟಿಗ್ ಲೋಹ 8, ರಾಡಿನದ್ದು 16 ಮಿ.ಮೀ. ಮೀರಬಾರದು. ಹಾಗಾಗಿ 6 ಮಿ.ಮೀ. ಪ್ಲೇಟನ್ನು ಪೂರ್ತಿ ಟಿಗ್‌ನಲ್ಲೇ ಮುಗಿಸಬಹುದು, 10 ಮಿ.ಮೀ.ನದ್ದನ್ನು ಆಗದು.

ಹೆಚ್ಚಿನವರು ಎಡವುವುದು ಅಳತೆಯಲ್ಲಿ. ಟಿಗ್ ಮುಗಿದ ಕೂಡಲೇ ಉಳಿದ ಗ್ರೂವ್‌ನ (ಇನ್ನೂ ತುಂಬಬೇಕಾದ ಸಂದಿನ) ಆಳವನ್ನು ಡೆಪ್ತ್ ಗೇಜ್‌ನಲ್ಲಿ ನೋಡಿ ಬರೆದಿಡಿ. ರಾಡ್ ಬಿದ್ದ ಮೇಲೆ ಗಡಿ ಕಾಣುವುದಿಲ್ಲ, ಅಂದಾಜಿನ ಅಂಕಿ ಇನ್‌ಸ್ಪೆಕ್ಟರ್ ಮುಂದೆ ನಿಲ್ಲುವುದಿಲ್ಲ.

ಕೂಪನ್‌ಗೆ ಟೆನ್ಶನ್ (ಎಳೆದು ನೋಡುವ) ಪರೀಕ್ಷೆ ಎರಡು, ಬೆಂಡ್ (ಬಾಗಿಸಿ ನೋಡುವ) ಪರೀಕ್ಷೆ ನಾಲ್ಕು. ಫೇಸ್ (ಮೇಲ್ಮೈ) ಮತ್ತು ರೂಟ್ ಬೆಂಡ್‌ಗಿಂತ ನಾಲ್ಕೂ ಸೈಡ್ ಬೆಂಡ್ (ಅಡ್ಡ ಕೊಯ್ದ ಮುಖವನ್ನು ಬಾಗಿಸುವುದು) ಮಾಡಿಸಿ. ಟಿಗ್ ಮತ್ತು ರಾಡ್ ಕೂಡುವ ಗೆರೆಯೂ ಅದರಲ್ಲಿ ಬಾಗುತ್ತದೆ. ಬಿರುಕು 3 ಮಿ.ಮೀ. ದಾಟಿದರೆ ಫೇಲ್.

ರೂಟ್ ಒಂದೇ ಪದರವಿದ್ದರೆ ರಾಡ್ ತೂತು ಕೊರೆಯಬಹುದು. ಟಿಗ್ ಎರಡು ಪದರ ಹಾಕಿ, ಮೊದಲ ರಾಡ್ ಪಾಸ್ (ಪದರ) 2.5 ಮಿ.ಮೀ. ರಾಡಿನಲ್ಲಿ ಹೊಡೆಯಿರಿ. ಕಡಲಗಾಳಿ ಆರ್ಗಾನ್ ಚೆದುರಿಸುತ್ತದೆ, ತಡೆಗೆ ಟಾರ್ಪಾಲ್ ಕಟ್ಟಿ. ನಮ್ಮ ಕರಾವಳಿಯ ಮಳೆಗಾಲದಲ್ಲಂತೂ ತೆರೆದಿಟ್ಟ 7018 ತೇವ ಹೀರದೆ ಬಿಡುವುದಿಲ್ಲ. ತಯಾರಕರು ಹೇಳಿದ ಶಾಖದಲ್ಲಿ ಬೇಕ್ ಮಾಡಿ, ಬಿಸಿ ಕ್ವಿವರ್‌ನಿಂದಲೇ (ರಾಡ್ ಬಿಸಿಯಾಗಿಡುವ ಡಬ್ಬಿ) ತೆಗೆದು ಬಳಸಿ.