ಸಾಲ ಸಿಗುತ್ತದೆ, ಆದರೆ ಸಾಲುವುದಿಲ್ಲ

ಹೋದ ತಿಂಗಳಷ್ಟೇ ಗ್ರೀನ್ ಕಾರ್ಡ್ ಮೇಲೆ ಹಾಸನದಿಂದ ಕ್ಯಾಲಿಫೋರ್ನಿಯಾದ ಸನಿವೇಲ್‌ಗೆ ಬಂದಿದ್ದೀರಿ. ಮುಂದಿನ ವರ್ಷ ಮಗಳು ಕಾಲೇಜು. "ಅಮೆರಿಕದಲ್ಲಿ ಸರ್ಕಾರವೇ ಓದಿಗೆ ಸಾಲ ಕೊಡುತ್ತಂತೆ, ಪೂರ್ತಿ ಫೀಸಿಗೆ ಆಗುತ್ತಾ ಸಾರ್?" ಅಂತ ಕೇಳಿದ್ದೀರಿ.

ಆಗುವುದಿಲ್ಲ. ಗ್ರೀನ್ ಕಾರ್ಡ್ ಇದೆ, ಹಾಗಾಗಿ ಸರ್ಕಾರದ ನೆರವು ಕೇಳುವ ಫ್ಯಾಫ್ಸಾ ಅರ್ಜಿ ತುಂಬಿ ಸಾಲ ಪಡೆಯಬಹುದು. ಅಪ್ಪ ಅಮ್ಮನ ಕೆಲಸದ ವೀಸಾ ಜೊತೆ ಎಚ್-4 ವೀಸಾದಲ್ಲಿ ಬಂದಿರುವ ಮಕ್ಕಳಿಗೆ ಅದೂ ಇಲ್ಲ. ಮಗಳ ಹೆಸರಿಗೆ ಮೊದಲ ವರ್ಷ ಹೆಚ್ಚೆಂದರೆ 5,500 ಡಾಲರ್, ಎರಡನೇ ವರ್ಷ 6,500, ಆಮೇಲೆ ವರ್ಷಕ್ಕೆ 7,500. ಐದನೇ ವರ್ಷಕ್ಕೆ ಎಳೆದರೂ ಒಟ್ಟು 31,000 ದಾಟುವ ಹಾಗಿಲ್ಲ.

ಉಳಿದದ್ದಕ್ಕೆ ಸರ್ಕಾರವೇ ಅಪ್ಪ ಅಮ್ಮನಿಗೆ ಕೊಡುವ ಪೇರೆಂಟ್ ಪ್ಲಸ್ ಅಂತ ಸಾಲ ಇದೆ. ಅದು ಮಗಳದ್ದಲ್ಲ, ನಿಮ್ಮ ತಲೆ ಮೇಲಿನ ಸಾಲ. ಸಂಬಳ ಎಷ್ಟು ಅಂತಲೂ ನೋಡುವುದಿಲ್ಲ. ಕ್ರೆಡಿಟ್ ಹಿಸ್ಟರಿ, ಅಂದರೆ ಹಿಂದೆ ಸಾಲ ತೀರಿಸಿದ ದಾಖಲೆ, ಇಲ್ಲ ಅಂತ ಕಾರ್ ಲೋನಿಗೆ ಸತಾಯಿಸುವ ದೇಶ ಇದು. ಈ ಸಾಲಕ್ಕೆ ಮಾತ್ರ ಹಿಸ್ಟರಿ ಇಲ್ಲದಿದ್ದರೂ ನಡೆಯುತ್ತದೆ, ಕೆಟ್ಟದ್ದು ಇರಬಾರದು ಅಷ್ಟೇ.

ನಾನು ಎಡವಿದ್ದೇ ಇಲ್ಲಿ. ಮಗನಿಗೆ ಕಾಲೇಜಿಂದ ಬಂದ ಪತ್ರದ ಕೊನೆಯಲ್ಲಿ 'ನೀವು ಕಟ್ಟಬೇಕಾದ್ದು 0' ಅಂತಿತ್ತು. ನಮ್ಮ ಮನೆಯವಳು ಕೇಸರಿಬಾತ್ ಮಾಡಿದಳು. ರಾತ್ರಿ ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದರೆ, ಸ್ಕಾಲರ್‌ಶಿಪ್ ಕೆಳಗೇ ಸಣ್ಣಕ್ಷರದಲ್ಲಿ ಪೇರೆಂಟ್ ಪ್ಲಸ್ 24,000. ನಾನೇ ತೀರಿಸಬೇಕಾದ ಸಾಲವನ್ನು ಫೀಸಿನಿಂದ ಕಳೆದು ಸೊನ್ನೆ ತೋರಿಸಿದ್ದರು! ಅಷ್ಟು ಗೊತ್ತಾದ ಮೇಲೂ ಸಹಿ ಹಾಕಿದೆ. ಮಗ ಕುಣಿದಾಡುತ್ತಿದ್ದ, ಬೇಡ ಅನ್ನಲು ಬಾಯಿ ಬರಲಿಲ್ಲ. ಅವನಿಗೆ ಕೆಲಸ ಸಿಕ್ಕಿ ಎಷ್ಟೋ ವರ್ಷವಾಯಿತು, ಕಂತು ಇನ್ನೂ ನನ್ನ ಅಕೌಂಟಿಂದಲೇ ಹೋಗುತ್ತಿದೆ.

ಆಗ ಬೇರೆ ನೆರವು ಕಳೆದು ಕಾಲೇಜಿನ ಖರ್ಚು ಎಷ್ಟಿದೆಯೋ ಅಷ್ಟೂ ತೆಗೆಯಬಹುದಿತ್ತು. 2025ರ ಕಾನೂನು ಬಂದು, 2026ರ ಜುಲೈ 1ರಿಂದ ಹೊಸದಾಗಿ ತೆಗೆಯುವವರಿಗೆ ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000 ಅಂತ ಕಡಿವಾಣ ಹಾಕಿದೆ. ಬೈಯುವವರು ಜಾಸ್ತಿ. ನನಗಂತೂ ಇದು ಆಗಲೇ ಇರಬೇಕಿತ್ತು ಅನ್ನಿಸುತ್ತದೆ.

ಇನ್ನೊಂದು ವಿಷಯ. ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷವಾದರೂ ನೆಲೆಸಿದ್ದರೆ ಮಾತ್ರ ಸರ್ಕಾರಿ ಕಾಲೇಜುಗಳಲ್ಲಿ ಇಲ್ಲಿಯವರಿಗಿರುವ ಕಡಿಮೆ ಫೀಸು. ಹಾಗಾಗಿ ಲೈಸೆನ್ಸು, ಬಾಡಿಗೆ ಕರಾರು ಎಲ್ಲ ಈಗಲೇ ಮಾಡಿಸಿ, ಕಾಗದ ಜೋಪಾನವಾಗಿಡಿ. ಖರ್ಚು ಉಳಿಸಲು ಎರಡು ವರ್ಷ ಇಲ್ಲೇ ಕ್ಯುಪರ್ಟಿನೋದ ಡಿ ಆಂಜಾ ಕಮ್ಯುನಿಟಿ ಕಾಲೇಜಲ್ಲಿ ಓದಿ, ಆಮೇಲೆ ಯುಸಿ ಡೇವಿಸ್, ಸ್ಯಾನ್ ಹೋಸೆ ಸ್ಟೇಟ್‌ನಂಥ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಹೋಗಬಹುದು. "ಕಮ್ಯುನಿಟಿ ಕಾಲೇಜಾ?" ಅಂತ ಯುಗಾದಿ ಊಟದಲ್ಲಿ ಯಾರಾದರೂ ಮೂಗು ಮುರಿದರೆ ಮುರಿಯಲಿ, ಅವರೇನು ನಿಮ್ಮ ಕಂತು ಕಟ್ಟುತ್ತಾರಾ?

ಕಾಲೇಜಿನ ಪತ್ರ ಬಂದ ದಿನ ನನಗೊಂದು ಫೋಟೋ ಕಳಿಸಿ. ಸಹಿ ಹಾಕುವ ಮುಂಚೆ ಒಟ್ಟಿಗೆ ಕೂತು ನೋಡೋಣ.