ಹಳೆಯ ಕ್ಲಾಸಿಕ್ ಇಟ್ಟುಕೊಳ್ಳಲೇ, ಹೊಸದನ್ನು ಕೊಳ್ಳಲೇ?

ವಾಹನ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಮೂರು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಎಂಬ ಒಂದೇ ಬೈಕಿನ ಹಳೆಯ ಮತ್ತು ಹೊಸ ರೂಪಗಳನ್ನು ಕುರಿತಾಗಿದ್ದುದರಿಂದ ಅವುಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಮಾನ್ಯರೆ, ನನ್ನ ಬಳಿ 2014ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಇದೆ, 68,000 ಕಿ.ಮೀ. ಓಡಿದೆ. ಸಾಗರದಿಂದ 14 ಕಿ.ಮೀ. ದೂರದ ಶಾಲೆಗೆ ದಿನವೂ ಅದರಲ್ಲಿಯೇ ಹೋಗಿಬರುತ್ತೇನೆ. ತಿಂಗಳಿಗೊಮ್ಮೆ ಮಗಳನ್ನು ನೋಡಲು ಬೆಂಗಳೂರಿಗೂ ಅದರಲ್ಲಿಯೇ ಹೋಗುವುದುಂಟು. ಜಿಎಸ್‌ಟಿ ಇಳಿದಿದೆ, ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಸ ಕ್ಲಾಸಿಕ್ ತೆಗೆದುಕೊಳ್ಳಿ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನಮ್ಮ ಮೆಕ್ಯಾನಿಕ್ ಮಾತ್ರ 'ಸಾರ್, ಇದನ್ನು ಕೊಟ್ಟರೆ ಇಂಥದ್ದು ಮತ್ತೆ ಸಿಗೋದಿಲ್ಲ' ಎನ್ನುತ್ತಾನೆ. ಎರಡರ ನಡುವೆ ನಿಜವಾದ ವ್ಯತ್ಯಾಸವೇನು? ನಾನೇನು ಮಾಡಲಿ?
– ಶಾಲಾ ಶಿಕ್ಷಕರು, ಸಾಗರ

ಉತ್ತರ: ಕಾಗದದ ಮೇಲಿನ ಅಂಕಿಗಳನ್ನಷ್ಟೇ ನೋಡಿದರೆ ತಾವು ಗೊಂದಲಕ್ಕೆ ಬೀಳುವುದು ಸಹಜ. 2009ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ತಮ್ಮ ಮಾದರಿಯ ಎಂಜಿನ್ 346 ಸಿಸಿ, 19.8 ಅಶ್ವಶಕ್ತಿ, 28 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). 2021ರ ಸೆಪ್ಟೆಂಬರ್ 1ರಂದು ಅದರ ಜಾಗಕ್ಕೆ ಬಂದ ಹೊಸ ಕ್ಲಾಸಿಕ್‌ನದು 349 ಸಿಸಿ, 20.2 ಅಶ್ವಶಕ್ತಿ, 27 ನ್ಯೂಟನ್ ಮೀಟರ್. ತೂಕ ಹಳೆಯದು 192 ಕಿಲೋ, ಹೊಸದು 195 ಕಿಲೋ. ಗೇರು ಎರಡರಲ್ಲೂ ಐದೇ. ಹನ್ನೆರಡು ವರ್ಷಗಳ ಅಂತರದಲ್ಲಿ ಅರ್ಧ ಅಶ್ವಶಕ್ತಿಯೂ ಹೆಚ್ಚಾಗದೆ, ಟಾರ್ಕ್ ಒಂದಂಶ ಇಳಿದೂ ಇರುವಾಗ ಇದನ್ನು ಹೊಸ ಬೈಕೆಂದು ಏಕೆ ಕರೆಯಬೇಕು ಎಂದು ಯಾರಾದರೂ ಕೇಳಿದರೆ ತಪ್ಪೇನಿಲ್ಲ. ಆದರೆ ಟ್ಯಾಂಕು, ಸೀಟು, ಹೆಡ್‌ಲೈಟಿನ ಮೇಲಿನ ಪುಟ್ಟ ಟೋಪಿಯಂಥ ಅಂಚು ಇವುಗಳ ರೂಪ ಹಾಗೆಯೇ ಉಳಿದಿದ್ದರೂ ಒಳಗೆ ಎಂಜಿನ್, ಚಾಸಿಸ್, ಫೋರ್ಕ್, ಬ್ರೇಕು ಎಲ್ಲವೂ ಬೇರೆಯಾಗಿವೆ. ಆ ಎಂಜಿನ್ ಮೊದಲು ಕಾಣಿಸಿಕೊಂಡದ್ದು 2020ರ ನವೆಂಬರಿನಲ್ಲಿ ಬಂದ, ಅದೇ ಕಂಪನಿಯ ಮೀಟಿಯರ್ 350ರಲ್ಲಿ. ಕ್ಲಾಸಿಕ್‌ಗೆ ಅದು ಬಂದದ್ದು ಆಮೇಲೆ.

ಮುಖ್ಯವಾದ ವ್ಯತ್ಯಾಸ ಕಂಪನದಲ್ಲಿದೆ, ಹಾಗಾಗಿ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ತಮ್ಮ ಬೈಕಿನಲ್ಲಿ 70 ಮಿ.ಮೀ. ಅಗಲದ ಒಂದೇ ಪಿಸ್ಟನ್, ಪ್ರತಿ ಸುತ್ತಿಗೂ 90 ಮಿ.ಮೀ. ಮೇಲೇರಿ ಅಷ್ಟೇ ಕೆಳಗಿಳಿಯುತ್ತದೆ. ಹಾಗೆ ಏರಿಳಿಯುವ ಭಾರವನ್ನು ಎದುರಿನಿಂದ ತೂಗಿಸಲು ಇನ್ನೊಂದು ಪಿಸ್ಟನ್ ಇಲ್ಲ, ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿಸುವ ಕ್ರ್ಯಾಂಕಿನಲ್ಲಿರುವ ಎದುರುಭಾರವು ಆ ಅಲುಗಾಟವನ್ನು ಒಂದು ಭಾಗ ಮಾತ್ರ ತಗ್ಗಿಸಬಲ್ಲದು. ಇದರಿಂದ ಹುಟ್ಟುವ ಬಲ ಎಂಜಿನ್ ವೇಗದ ವರ್ಗದಷ್ಟು ಬೆಳೆಯುತ್ತದೆ. ಅಂದರೆ ನಿಮಿಷಕ್ಕೆ 3,000 ಸುತ್ತಿನಲ್ಲಿ ಇರುವುದಕ್ಕಿಂತ 4,000 ಸುತ್ತಿನಲ್ಲಿ ಅದು ಹೆಚ್ಚುಕಡಿಮೆ 1.8 ಪಟ್ಟು. ಊರೊಳಗೆ 50ರ ವೇಗದಲ್ಲಿ ಹಿತವಾಗಿ ತೂಗುವ ಬೈಕು 80 ದಾಟುತ್ತಿದ್ದಂತೆ ಫುಟ್‌ರೆಸ್ಟಿನಲ್ಲೂ ಹ್ಯಾಂಡಲಿನಲ್ಲೂ ಜುಮ್ಮೆನ್ನುವುದಕ್ಕೆ ಕಾರಣ ಇದೇ. ಹೊಸ ಎಂಜಿನ್ನಿನಲ್ಲಿ ಬ್ಯಾಲೆನ್ಸರ್ ಶಾಫ್ಟ್ ಎಂಬ ಒಂದು ಭಾರದ ದಂಡವಿದ್ದು, ಅದು ಕ್ರ್ಯಾಂಕಿನಷ್ಟೇ ವೇಗದಲ್ಲಿ ವಿರುದ್ಧ ದಿಕ್ಕಿಗೆ ತಿರುಗುತ್ತ ಈ ಬಲದ ದೊಡ್ಡ ಪಾಲನ್ನು ಅಲ್ಲಿಯೇ ಕೊಂದುಹಾಕುತ್ತದೆ. ಪಿಸ್ಟನ್ನಿನ ಅಗಲ 72 ಮಿ.ಮೀ.ಗೆ ಏರಿದೆ, ಅದು ಏರಿಳಿಯುವ ದೂರ 85.8 ಮಿ.ಮೀ.ಗೆ ಇಳಿದಿದೆ. ಪರೀಕ್ಷೆ ಬೇಕಾದರೆ ಕನ್ನಡಿ ನೋಡಿ: ಹಳೆಯ ಬೈಕಿನಲ್ಲಿ 80ರ ವೇಗದಲ್ಲಿ ಹಿಂದಿನ ಬಸ್ಸು ಒಂದು ಕೆಂಪು ಮಸುಕಾಗಿ ಅದುರುತ್ತಿರುತ್ತದೆ, ಹೊಸದರಲ್ಲಿ ಅದೇ ವೇಗಕ್ಕೆ ಆ ಬಸ್ಸಿನ ಹಣೆಯ ಮೇಲಿನ ಊರಿನ ಹೆಸರು ನೆಟ್ಟಗೆ ಕಾಣುತ್ತದೆ.

ಎರಡನೆಯದು ಚಾಸಿಸ್. ಹಳೆಯದರಲ್ಲಿ ಮುಂದಿನಿಂದ ಒಂದೇ ಕೊಳವೆ ಇಳಿದು ಬಂದು, ಮಿಕ್ಕ ಭಾರವನ್ನು ಎಂಜಿನ್ನೇ ಹೊರುತ್ತದೆ. ಹೊಸದರಲ್ಲಿ ಎರಡು ಕೊಳವೆಗಳ ತೊಟ್ಟಿಲಿನಂಥ ಚೌಕಟ್ಟು, ಮುಂದಿನ ಫೋರ್ಕ್ 35ರಿಂದ 41 ಮಿ.ಮೀ.ಗೆ ದಪ್ಪವಾಗಿದೆ, ಮುಂದಿನ ಟೈರು 90ರಿಂದ 100 ಮಿ.ಮೀ.ಗೆ, ಡಿಸ್ಕ್ 280ರಿಂದ 300 ಮಿ.ಮೀ.ಗೆ ಹಿಗ್ಗಿದೆ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಎರಡರಲ್ಲೂ ಹತ್ತಿ ಇಳಿದವನಾಗಿ ಹೇಳುವುದಾದರೆ, ಹತ್ತುವಾಗ ಇವೆರಡರ ನಡುವೆ ಹೇಳಿಕೊಳ್ಳುವಂಥ ಅಂತರವೇ ಇಲ್ಲ. ಎರಡನೇ ಗೇರಿನಲ್ಲಿ ಹಳೆಯದು ಅಡಿಯಿಂದ ಎಳೆಯುವ ಆ ಗಟ್ಟಿ ಎಳೆತ ನನಗಂತೂ ಈಗಲೂ ಹೆಚ್ಚು ಇಷ್ಟ. ಇಳಿಯುವಾಗ ಮಾತ್ರ ಲೆಕ್ಕ ಬೇರೆ. ತಿರುವಿನ ನಡುವೆ ಹೊಂಡ ಬಂದಾಗ ಹಳೆಯದು ಒಮ್ಮೆ ನಡು ಅಲುಗಿಸಿ ಆಮೇಲೆ ಸಾವರಿಸಿಕೊಳ್ಳುತ್ತದೆ, ಹೊಸದು ಹಿಡಿದ ಗೆರೆಯನ್ನು ಬಿಡುವುದಿಲ್ಲ.

ಮೂರನೆಯದು ಎಬಿಎಸ್, ಅಂದರೆ ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ. 125 ಸಿಸಿಗಿಂತ ಮೇಲಿನ ಬೈಕುಗಳಿಗೆಲ್ಲ ಅದು ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ, ಹಾಗಾಗಿ ತಮ್ಮ 2014ರ ಬೈಕಿನಲ್ಲಿ ಇಲ್ಲ. ಇದನ್ನು ಆಮೇಲೆ ಕೂರಿಸಿಕೊಡುತ್ತೇವೆ ಎನ್ನುವವರ ಮಾತು ನಂಬಬೇಡಿ. ಚಕ್ರದ ಸೆನ್ಸರು, ಕಂಪ್ಯೂಟರು, ಒತ್ತಡ ಬಿಟ್ಟು ಹಿಡಿಯುವ ಘಟಕ ಎಲ್ಲವೂ ಆ ಬೈಕಿಗೆಂದೇ ಹೊಂದಿಸಿದಾಗ ಮಾತ್ರ ಅದು ಎಬಿಎಸ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಚಿ ಹಿಡಿದ ರಸ್ತೆಯಲ್ಲಿ ದಿನವೂ ಓಡಾಡುವ ಮಲೆನಾಡಿಗರಿಗೆ ಹೊಸ ಬೈಕಿನ ಪರವಾಗಿ ಇರುವ ಅತಿ ದೊಡ್ಡ ವಾದ ಇದು ಎಂದು ನನ್ನ ಅಭಿಪ್ರಾಯ. ಕಂಪನಕ್ಕೆ ಒಗ್ಗಿಕೊಳ್ಳಬಹುದು, ಜಾರುವುದಕ್ಕೆ ಒಗ್ಗಿಕೊಳ್ಳಲಾಗದು.

ಇನ್ನು ಹಳೆಯದರ ಪರವಾಗಿ. ಗಾಳಿಗೆ ಪೆಟ್ರೋಲು ಬೆರೆಸುವ ಅದರ ಕಾರ್ಬುರೇಟರ್ ಬಿಚ್ಚಿ ತೊಳೆದು ಕೂರಿಸಲು ಒಂದು ಸ್ಕ್ರೂಡ್ರೈವರು, ಒಂದೆರಡು ಸ್ಪ್ಯಾನರು, ಅರ್ಧ ಗಂಟೆ ಸಾಕು. ತಾಳಗುಪ್ಪದ ಆಚೆಗಿನ ಯಾವ ಗ್ಯಾರೇಜಿನಲ್ಲೂ ಇದಕ್ಕೆ ಕೈ ಇದೆ. ಬ್ಯಾಟರಿ ಕೈಕೊಟ್ಟರೆ ಕಿಕ್ಕರ್ ಇದೆ. ಹೊಸದರಲ್ಲಿ ಕಿಕ್ಕರ್ ಇಲ್ಲ, ಪೆಟ್ರೋಲನ್ನು ಎಂಜಿನ್ನಿಗೆ ತಳ್ಳುವ ಪಂಪಿಗೂ ವಿದ್ಯುತ್ ಬೇಕಾದ್ದರಿಂದ ಬ್ಯಾಟರಿ ಪೂರ್ತಿ ಸತ್ತ ದಿನ ತಳ್ಳಿ ಸ್ಟಾರ್ಟ್ ಮಾಡುವ ಆಸೆಯನ್ನೂ ಬಿಡಬೇಕಾಗುತ್ತದೆ. ಅದೇ ಹೊತ್ತಿಗೆ, ಚಳಿಗಾಲದ ಬೆಳಿಗ್ಗೆ ಚೋಕ್ ಎಳೆದು ಎರಡು ನಿಮಿಷ ಕಾಯುವ ಕೆಲಸ ಹೊಸದರಲ್ಲಿಲ್ಲ. 1,900 ಮೀಟರು ದಾಟುವ ಮುಳ್ಳಯ್ಯನಗಿರಿಯ ಕಡೆಗೆ ಏರಿದಾಗ ಗಾಳಿ ತೆಳುವಾಗಿ ಕಾರ್ಬುರೇಟರಿನ ಬೈಕು ಪೆಟ್ರೋಲು ಹೆಚ್ಚು ಕುಡಿದು ಮಂಕಾಗುವಂತೆ ಇದು ಆಗುವುದಿಲ್ಲ, ಗಾಳಿಯ ಲೆಕ್ಕವನ್ನು ಕಂಪ್ಯೂಟರ್ ತಾನೇ ಇಟ್ಟುಕೊಳ್ಳುತ್ತದೆ. ಟ್ಯಾಂಕಿನ ಮುಚ್ಚಳ ತೆಗೆದು, ಬೈಕನ್ನು ಎಡಕ್ಕೂ ಬಲಕ್ಕೂ ಅಲುಗಿಸಿ, ಒಳಗಿನ 'ಗುಳುಗುಳು' ಕೇಳಿ ಪೆಟ್ರೋಲು ಎಷ್ಟಿದೆಯೆಂದು ತಿಳಿಯುವ ಕಲೆಯನ್ನೂ ಹೊಸ ಬೈಕು ಅನಾವಶ್ಯಕ ಮಾಡಿದೆ. ಅದರಲ್ಲಿ ಗೇಜ್ ಇದೆ. ಬಿಡಿಭಾಗಗಳ ಬಗ್ಗೆ ಚಿಂತೆ ಬೇಡ. ತಮ್ಮ ಎಂಜಿನ್ನಿನ ಕುಟುಂಬ 2023ರ ಸೆಪ್ಟೆಂಬರಿನಲ್ಲಿ ಹೊಸ ಬುಲೆಟ್ 350 ಬರುವವರೆಗೂ ಬುಲೆಟ್‌ನಲ್ಲಿ ತಯಾರಾಗುತ್ತಲೇ ಇತ್ತು.

ಈಗ ತಮ್ಮ ಪ್ರಶ್ನೆಗೆ ನೇರವಾಗಿ ಬರುತ್ತೇನೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿರುವುದು, 349 ಸಿಸಿಯ ಈ ಬೈಕು ಆ ಗೆರೆಯೊಳಗೆ ಬರುವುದು ನಿಜ. ಆದರೂ ತಮ್ಮ ಓಡಾಟದ ಬಹುಪಾಲು ದಿನಕ್ಕೆ 28 ಕಿ.ಮೀ., ಅದೂ ನಿಧಾನದ ರಸ್ತೆಯಲ್ಲಿ. ಹೊಸ ಎಂಜಿನ್ನಿನ ಹೆಚ್ಚುಗಾರಿಕೆ ಕಾಣುವ ವೇಗ ಅಲ್ಲಿ ಬರುವುದೇ ಇಲ್ಲ. ಆದ್ದರಿಂದ ಹಳೆಯದನ್ನು ಇಟ್ಟುಕೊಳ್ಳಿ, ಆದರೆ ಎಬಿಎಸ್ ಇಲ್ಲದಿರುವುದರಿಂದ ಈಗಿರುವಂತೆಯೇ ಅಲ್ಲ. ಮಳೆಗೆ ಮೊದಲು ಎರಡೂ ಟೈರುಗಳನ್ನು ಹೊಸದಾಗಿ ಹಾಕಿಸಿ, ಡಿಸ್ಕಿನ ಪ್ಯಾಡು ಮತ್ತು ಬ್ರೇಕ್ ಆಯಿಲ್ ಬದಲಿಸಿ, ಹಿಂದಿನ ಚಕ್ರದ ಬ್ರೇಕ್ ಶೂ, ಕೋನ್ ಸೆಟ್ (ಹ್ಯಾಂಡಲ್ ತಿರುಗುವಲ್ಲಿನ ಬೇರಿಂಗುಗಳು), ಚೈನ್ ಸ್ಪ್ರಾಕೆಟ್ ನೋಡಿಸಿ. ಪೆಟ್ರೋಲಿನ ರಬ್ಬರ್ ಪೈಪುಗಳನ್ನೂ ಮರೆಯಬೇಡಿ, ಏಕೆಂದರೆ ಈಗ ಬಂಕಿನಲ್ಲಿ ಸಿಗುವ ಶೇ 20 ಎಥೆನಾಲ್ ಬೆರೆತ ಪೆಟ್ರೋಲಿಗೆಂದು 2014ರ ಬೈಕು ತಯಾರಾದುದಲ್ಲ. ಆ ಪೆಟ್ರೋಲು ತೇವವನ್ನು ಹೀರುವುದರಿಂದ ಮಳೆಗಾಲದಲ್ಲಿ ಬೈಕನ್ನು ವಾರಗಟ್ಟಲೆ ನಿಲ್ಲಿಸಿಡುವುದಾದರೆ ಕಾರ್ಬುರೇಟರಿನ ಬಟ್ಟಲನ್ನು ಖಾಲಿ ಮಾಡಿಸಿ. ಬೆಂಗಳೂರಿಗೆ ಹೋಗುವುದು ಮಾತ್ರ ಉಳಿಯಿತು: ಸಾಗರದಿಂದ ಸುಮಾರು 350 ಕಿ.ಮೀ.ಯನ್ನು ತಿಂಗಳಿಗೊಮ್ಮೆ ಕ್ರಮಿಸಲು ಲಕ್ಷಗಟ್ಟಲೆ ಸುರಿಯುವುದಕ್ಕಿಂತ ತಾಳಗುಪ್ಪದಿಂದ ಹೊರಡುವ ರಾತ್ರಿ ರೈಲು ಅಗ್ಗ, ಮಗಳಿಗೂ ನಿಶ್ಚಿಂತೆ. ತಿಂಗಳಿಗೆ ನಾಲ್ಕು ಸಲ ಹೋಗುವವರಾಗಿದ್ದರೆ ನನ್ನ ಉತ್ತರ ತಿರುಗಿಬೀಳುತ್ತಿತ್ತು.

ಪ್ರಶ್ನೆ: ನಾನು ಮೊದಲ ಬಾರಿಗೆ ಇಷ್ಟು ಭಾರದ ಬೈಕು ಕೊಳ್ಳಲು ಹೊರಟಿದ್ದೇನೆ, ನನ್ನ ಎತ್ತರ ಐದು ಅಡಿ ಮೂರು ಇಂಚು. ಸೆಕೆಂಡ್ ಹ್ಯಾಂಡ್‌ನಲ್ಲಿ ಎಬಿಎಸ್ ಇರುವ 2019ರ ಹಳೆಯ ಕ್ಲಾಸಿಕ್ ಒಂದು, 2022ರ ಹೊಸ ಮಾದರಿ ಒಂದು ನೋಡಿದ್ದೇನೆ. ಬೆಲೆಯಲ್ಲಿ ಅಂತರ ತುಸು ದೊಡ್ಡದೇ. ಯಾವುದು ಒಳ್ಳೆಯದು? ನೋಡುವಾಗ ಏನನ್ನು ಗಮನಿಸಬೇಕು?
– ಬ್ಯಾಂಕ್ ಉದ್ಯೋಗಿ, ಪುತ್ತೂರು

ಉತ್ತರ: ಸೀಟಿನ ಎತ್ತರದಲ್ಲಿ ಎರಡಕ್ಕೂ ಹೆಚ್ಚಿನ ಅಂತರವಿಲ್ಲ, ಹೊಸದು 805 ಮಿ.ಮೀ. ಎತ್ತರವಿದೆ. ತಮಗೆ ಎರಡೂ ಪಾದ ಪೂರ್ತಿ ನೆಲಕ್ಕೆ ಊರದೇ ಇರಬಹುದು, ಆದರೆ ಅದೊಂದೇ ತೊಡಕಲ್ಲ. ಎಂಜಿನ್ ಆರಿಸಿದ ಬೈಕನ್ನು ಶೆಡ್ಡಿನಿಂದ ಹಿಂದಕ್ಕೆ ಎಳೆದು ತಿರುಗಿಸುವಾಗ 195 ಕಿಲೋ ಎಂದರೆ ಎಷ್ಟು ಎಂಬುದು ಗೊತ್ತಾಗುತ್ತದೆ. ಮಾರುವವರ ಅಂಗಳದಲ್ಲಿ ಮೊದಲು ಅದನ್ನೇ ಮಾಡಿ ನೋಡಿ, ಓಡಿಸುವುದು ಆಮೇಲೆ. ಹಣ ಹೊಂದುವುದಾದರೆ 2022ರದನ್ನೇ ತೆಗೆದುಕೊಳ್ಳಿ. ನೆಲದಿಂದ ಎಂಜಿನ್ನಿನ ಎತ್ತರ ಹಳೆಯದರಲ್ಲಿ 135 ಮಿ.ಮೀ. ಇದ್ದದ್ದು ಹೊಸದರಲ್ಲಿ 170 ಆಗಿದೆ; ತಮ್ಮ ಕಡೆಯ ಮನೆಗಳಿಗೆ ಇಳಿಯುವ ಮಣ್ಣಿನ ದಾರಿಗಳಲ್ಲಿ ಈ 35 ಮಿ.ಮೀ. ಸಣ್ಣದಲ್ಲ. ಹಣ ಹೊಂದದಿದ್ದರೆ, ಎಬಿಎಸ್ ಇರುವ 2019ರದು ಹಳೆಯ ಎಂಜಿನ್ನಿನ ಒಳ್ಳೆಯ ರೂಪವೇ. ಅದನ್ನು ಕೊಂಡು ಪಶ್ಚಾತ್ತಾಪ ಪಡಬೇಕಾಗಿಲ್ಲ.

ನೋಡಲು ಹೋದಾಗ ಮೊದಲು ಕೀಲಿಯನ್ನು ಕೇಳಬೇಡಿ, ಎಂಜಿನ್ನಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ತಾವು ಬರುವ ಮೊದಲೇ ಸ್ಟಾರ್ಟ್ ಮಾಡಿದ್ದಾರೆ ಎಂದರ್ಥ. ನಯವಾಗಿ 'ನಾಳೆ ಬೆಳಿಗ್ಗೆ ಬರುತ್ತೇನೆ' ಎಂದು ಹೊರಡಿ. ತಣ್ಣಗಿರುವ ಎಂಜಿನ್ ಹೊತ್ತಿಕೊಂಡಾಗ ಬರುವ ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದರ ಗುರುತು. ಹಳೆಯ ಎಂಜಿನ್ನಿನಲ್ಲಿ ಕವಾಟಗಳನ್ನು ತಳ್ಳುವ ಟ್ಯಾಪೆಟ್ಟುಗಳು ಆಯಿಲ್ ಒತ್ತಡದಿಂದ ತಾವೇ ಸರಿಹೊಂದಿಕೊಳ್ಳುವಂಥವು, ಆದ್ದರಿಂದ ಮೊದಲ ಕೆಲವು ಕ್ಷಣ ಬಲಬದಿಯಲ್ಲಿ ಟಿಕ್ ಟಿಕ್ ಕೇಳಿದರೆ ಗಾಬರಿ ಬೇಡ, ಬಿಸಿಯಾದ ಮೇಲೂ ನಿಲ್ಲದಿದ್ದರೆ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿಸಿ ಹ್ಯಾಂಡಲನ್ನು ಮೆಲ್ಲಗೆ ಎಡಬಲಕ್ಕೆ ತಿರುಗಿಸಿ. ನಡುವಿನಲ್ಲಿ ಎಲ್ಲಿಯಾದರೂ ತಡೆದಂತಾದರೆ ಕೋನ್ ಸೆಟ್ ಸವೆದಿದೆ. ಕೀಲಿ ತಿರುಗಿಸಿದಾಗ ಎಬಿಎಸ್ ದೀಪ ಹೊತ್ತಿಕೊಳ್ಳಲೇಬೇಕು, ಬೈಕು ನಾಲ್ಕು ಮಾರು ಚಲಿಸಿದ ಮೇಲೆ ಆರಲೇಬೇಕು; ಹೊತ್ತಿಕೊಳ್ಳದೇ ಇದ್ದರೆ ಯಾರೋ ಬಲ್ಬಿನ ತಂತಿ ಕಿತ್ತಿರುವ ಸಾಧ್ಯತೆಯೂ ಉಂಟು. ಆರ್‌ಸಿಯಲ್ಲಿರುವ ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳನ್ನು ಬೈಕಿನ ಮೇಲಿನವುಗಳ ಜತೆ ಒಂದೊಂದೇ ಅಕ್ಷರ ಹೋಲಿಸಿ ಓದಿ. ನೋಂದಣಿಯ ಅವಧಿ 15 ವರ್ಷ, ಹಾಗಾಗಿ 2019ರ ಬೈಕು 2034ರಲ್ಲಿ ಮರುನೋಂದಣಿಗೆ ಬರುತ್ತದೆ ಎಂಬುದನ್ನೂ ಬೆಲೆ ಮಾತಾಡುವಾಗ ನೆನಪಿಡಿ.

ಪ್ರಶ್ನೆ: ಹೊಸ ಕ್ಲಾಸಿಕ್‌ನಲ್ಲಿ ಹಳೆಯ 'ಡುಗು ಡುಗು' ಸದ್ದು ಇಲ್ಲ ಎನ್ನುತ್ತಾರಲ್ಲ, ನಿಜವೇ? ಸೈಲೆನ್ಸರ್ ಬದಲಿಸಿದರೆ ಬರುತ್ತದೆಯೇ?
– ವಿದ್ಯಾರ್ಥಿ, ಹಾಸನ

ಉತ್ತರ: ಸದ್ದು ಇದೆ, ತುಸು ಮೆತ್ತಗಾಗಿದೆ. ಒಂದೇ ದೊಡ್ಡ ಸಿಲಿಂಡರಿನ ಬಡಿತ ಸೈಲೆನ್ಸರಿನಿಂದ ಹೇಗೂ ಬಿಟ್ಟು ಬಿಟ್ಟು ಬರುತ್ತದೆ. ಜತೆಗೆ ಬರುತ್ತಿದ್ದ ಟ್ಯಾಪೆಟ್, ಚೈನುಗಳ ಗಲಾಟೆ ಹೊಸ ಎಂಜಿನ್ನಿನಲ್ಲಿ ಅಡಗಿದೆ. 2009ರ ಆಸುಪಾಸಿನಲ್ಲಿ ಬೀಡುಕಬ್ಬಿಣದ ಹಳೆಯ ಎಂಜಿನ್ ಹೋಗಿ ತಾವು ಈಗ 'ಹಳೆಯದು' ಎನ್ನುತ್ತಿರುವ ಎಂಜಿನ್ ಬಂದಾಗಲೂ ಬುಲೆಟ್ ಪ್ರಿಯರು ಸದ್ದು ಸತ್ತಿತೆಂದು ಇದೇ ಮಾತು ಆಡಿದ್ದರು. ಸೈಲೆನ್ಸರ್ ಬದಲಿಸಬೇಡಿ. ದಂಡ ಬೀಳುವುದು ಒಂದು ಕಡೆಯಾದರೆ, ಹೊಗೆಯಲ್ಲಿನ ಆಮ್ಲಜನಕವನ್ನು ಅಳೆದು ಪೆಟ್ರೋಲಿನ ಪ್ರಮಾಣ ನಿರ್ಧರಿಸುವ ಸೆನ್ಸರು ಆ ಕೊಳವೆಯಲ್ಲಿಯೇ ಇರುವುದರಿಂದ, ಸಿಕ್ಕಿದ ಕೊಳವೆ ಕೂರಿಸಿದರೆ ಅದರ ಲೆಕ್ಕ ತಪ್ಪುವ ಸಾಧ್ಯತೆಯಿದೆ. ಆಗ ಸದ್ದೇನೋ ಜೋರಾಗಿಯೇ ಬರುತ್ತದೆ, ಪಿಕಪ್ ಮತ್ತು ಮೈಲೇಜು ಇಳಿಯುತ್ತವೆ.